ಬೇಸ್ ಇಲ್ಲದ ಪೆಟ್ಟಿಗೆ

ನಮ್ಮ ಕಡೆ ಸ್ಪೀಕರ್ ಪೆಟ್ಟಿಗೆಯ ಗುಣ ನೋಡಲು ಕಿವಿ ಬೇಕಾಗಿಲ್ಲ. ಪೆಟ್ಟಿಗೆಯ ಮೇಲೆ ತುಂಬಿದ ಚಹಾದ ಕಪ್ಪು ಇಡುತ್ತಾರೆ, ಹಾಡು ಹಚ್ಚುತ್ತಾರೆ. ಚಹಾ ತುಳುಕಿ ಬಶಿಗೆ ಬಿದ್ದರೆ ಪೆಟ್ಟಿಗೆ ಪಾಸು, ಬೀಳದಿದ್ದರೆ ನಪಾಸು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಇದೇ ಪರೀಕ್ಷೆ. ದೊಡ್ಡ ದೊಡ್ಡ ಮೀಸೆಯ ಹಿರಿಯರು ಕಣ್ಣು ಕಿರಿದು ಮಾಡಿಕೊಂಡು ಆ ಕಪ್ಪನ್ನೇ ನೋಡುತ್ತ ನಿಂತಿರುತ್ತಾರೆ. ಹಾಡು ಯಾವುದು, ಹಾಡಿದವರು ಯಾರು, ಶ್ರುತಿ ಎಲ್ಲಿತ್ತು, ಎಲ್ಲಿಗೆ ಹೋಯಿತು, ಅದು ಯಾರಿಗೂ ಬೇಡ. ಇಂಥ ಜನರ ನಡುವೆ ನಾನು ಬೇಸ್ ಗಿಟಾರ್ ಬಾರಿಸುತ್ತೇನೆ. ಕೋಣನ ಮುಂದೆ ಕಿನ್ನರಿ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ನಮ್ಮ ತಾಲ್ಲೂಕುಗಳಲ್ಲಿ ಒಂದಿಷ್ಟು ದಿನ ತಿರುಗಾಡಿರಬೇಕು.

ನನ್ನ ಹೊಟ್ಟೆಪಾಡಿನ ನೌಕರಿ ಕರೆಂಟಿನ ಇಲಾಖೆಯಲ್ಲಿ, ರಾಯಬಾಗದಲ್ಲಿ. ಸಂಜೆ ಮತ್ತು ರಜೆಯ ದಿನ ನಮ್ಮದೊಂದು ಗಾಯನ ಪಾರ್ಟಿ. ನಾವು ಬೌದ್ಧರು. ಏಪ್ರಿಲ್‌ನ ಜಯಂತಿಗೆ, ಬುದ್ಧ ಪೌರ್ಣಿಮೆಗೆ, ನಮ್ಮವರ ಮದುವೆ ನಾಮಕರಣಗಳಿಗೆ ಊರೂರಿಗೆ ಹೋಗಿ ಕನ್ನಡ ಮರಾಠಿ ಎರಡರಲ್ಲೂ ಹಾಡುತ್ತೇವೆ. ಹಾಡುವವಳು ಅಕ್ಕ. ನನ್ನ ಒಡಹುಟ್ಟಿದವಳಲ್ಲ, ಪಾರ್ಟಿಗೇ ಅಕ್ಕ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಮೈಕು ಕೆಟ್ಟರೂ ಕೊನೆಯ ಸಾಲಿನವನಿಗೆ ಮುಟ್ಟುವ ಗಂಟಲು ಅವಳದು. ಢೋಲಕಿಯವನು ಮಾತು ಕಡಿಮೆಯ ಮನುಷ್ಯ, ಅವನ ತಂಟೆ ನಮಗೆ ಬೇಡ. ಉಳಿದವನು ಕೀಬೋರ್ಡಿನವನು.

ಕೀಬೋರ್ಡಿನವನಿಗೆ ಮೊಬೈಲ್ ಅಂಗಡಿ ಇದೆ. ಎರಡು ವರ್ಷದ ಹಿಂದೆ ಹೊಸ ಕೀಬೋರ್ಡ್ ತಂದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಈತ ಕಾರ್ಯಕ್ರಮ ಮುಗಿದ ಮೇಲೂ ಅದರ ದೀಪ ಆರಿಸುತ್ತಿರಲಿಲ್ಲ. ಆ ಯಂತ್ರದಲ್ಲಿ ಎಡಗೈಯ ಒಂದು ಬೆರಳು ಇಟ್ಟರೆ ಸಾಕು, ಬೇಸು ತಾನೇ ಬಾರಿಸಿಕೊಳ್ಳುತ್ತದೆ. ಅಂದಿನಿಂದ ಅವನ ಎಡಗೈ ನನ್ನ ಅನ್ನಕ್ಕೆ ಕೈ ಹಾಕಿತು. ನಾನು ನಾಲ್ಕು ತಂತಿಯ ಮೇಲೆ ಬೆರಳು ಸವೆಸಿಕೊಂಡು ಹಾಡಿನ ಕೆಳಗೆ ಒಂದೊಂದೇ ಸ್ವರ ಇಡುತ್ತ ನಡೆಯುತ್ತಿದ್ದರೆ, ಪಕ್ಕದಲ್ಲಿ ಅವನ ಎಡಗೈ ಒಂದೇ ಕಡೆ ಕೂತು ಗುಂಯ್‌ಗುಡುತ್ತಿತ್ತು. ಯಾವ ಊರಿನ ಸೌಂಡಿನವನಿಗೂ ಇವೆರಡರ ನಡುವಿನ ವ್ಯತ್ಯಾಸ ಗೊತ್ತಾಗಲಿಲ್ಲ. ನನ್ನ ಗಿಟಾರಿನ ವೈರನ್ನು ತಮ್ಮ ಮಿಕ್ಸರಿಗೆ ಚುಚ್ಚಿಕೊಂಡು, ಅದರ ಗುಂಡಿಯನ್ನು ಸೊನ್ನೆಯ ಹತ್ತಿರ ಇಟ್ಟು, ಬೀಡಿ ಸೇದಲು ಹೋಗುತ್ತಿದ್ದರು.

ಹೊರಗಿನವರ ಮಾತು ಹಾಗಿರಲಿ. ಪ್ರತಿ ಕಾರ್ಯಕ್ರಮ ಆದ ಮೇಲೆ ಯಾರಾದರೂ ಮೊಬೈಲಿನಲ್ಲಿ ಹಿಡಿದ ವಿಡಿಯೋ ಕಳಿಸುತ್ತಾರೆ. ನನ್ನ ಹೆಂಡತಿ ಒಲೆಯ ಮುಂದೆ ಕೂತು ಅದನ್ನು ಪೂರ್ತಿ ನೋಡುತ್ತಾಳೆ. ನೋಡಿದ ಮೇಲೆ ಒಂದೇ ಪ್ರಶ್ನೆ: “ರೀ, ಇದ್ರಾಗ ನಿಮ್ಮದು ಯಾವುದ್ರಿ?” ಅಕ್ಕನ ದನಿ ಇದು, ಢೋಲಕಿ ಇದು, ಕೀಬೋರ್ಡ್ ಇದು ಎಂದು ಬೆರಳು ಮಡಚಿ ಎಣಿಸಿ, ಆಮೇಲೆ ನನ್ನ ಮುಖ ನೋಡುತ್ತಾಳೆ. ಲಗ್ನವಾಗಿ ಇಷ್ಟು ವರ್ಷವಾಯಿತು, ಆ ಪ್ರಶ್ನೆ ಬದಲಾಗಿಲ್ಲ. “ಕೆಳಗ ಐತಿ, ಲಕ್ಷ್ಯ ಕೊಟ್ಟ ಕೇಳು,” ಎನ್ನುತ್ತಿದ್ದೆ. ಅವಳು ಲಕ್ಷ್ಯ ಕೊಟ್ಟೇ ಕೇಳುತ್ತಿದ್ದಳು, ಪಾಪ. ಕೇಳುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಈ ಸಲದ ಜಯಂತಿ ಮುಗಿದ ಮರುದಿನ ಅಕ್ಕ ನನ್ನನ್ನು ಮನೆಗೆ ಕರೆಸಿದಳು. ಕೀಬೋರ್ಡಿನವನು ಆಗಲೇ ಬಂದು ಕೂತಿದ್ದ. ಅವನ ಮುಖ ನೋಡಿದ ಕೂಡಲೇ ಮಾತು ಎಲ್ಲಿಗೆ ಹೋಗುತ್ತದೆ ಎಂದು ನನಗೆ ತಿಳಿಯಿತು.

“ತಮ್ಮಾ, ಸಿಟ್ಟ ಮಾಡ್ಕೋಬ್ಯಾಡ,” ಅಂದಳು ಅಕ್ಕ. “ನೀ ನಿಂತ ಬಾರಸೂದು ಕಾಣಸ್ತೈತಿ, ಕೇಳಸೂದಿಲ್ಲ. ನಾಲ್ಕ ಮಂದಿ ಪಾರ್ಟಿ ಅಂತ ಹೇಳಿ ಮೂರ ಮಂದಿ ಸಪ್ಪಳ ಮಾಡಿದ್ರ ಕರಿಯಾವ್ರು ಏನ್ ಅಂತಾರ?”

“ಅಣ್ಣಾವ್ರ ಬರೂದ ಬ್ಯಾಡ ಅಂತಲ್ಲ,” ಅಂದ ಕೀಬೋರ್ಡಿನವನು, ಸಕ್ಕರೆ ಸುರಿಯುತ್ತ. “ಬೇಸಿಗೆ ನನ್ನ ಎಡಗೈ ಐತಿ. ಅಣ್ಣಾವ್ರು ಬೇಕಾದ್ರ ತಾಳ ಹಿಡೀಲಿ.”

ತಾಳ. ಹನ್ನೆರಡು ವರ್ಷ ಬೇಸ್ ಬಾರಿಸಿದವನಿಗೆ ತಾಳ ಹಿಡಿ ಎಂದ. ನನ್ನ ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಅಲ್ಲಿಯೂ ಆಡಲಿಲ್ಲ, ಅಕ್ಕ ಎದುರಿಗಿದ್ದಳು. “ನನ್ನ ಸ್ವಂತ ಪೆಟಗಿ ತರ್ತೀನಿ,” ಅಂದೆ. “ಪೌರ್ಣಿಮೆ ಕಾರ್ಯಕ್ರಮದಾಗ ಕೇಳಸ್ಲಿಲ್ಲಂದ್ರ ನಾನ ಬಿಡ್ತೀನಿ.” ಅಕ್ಕ ಒಪ್ಪಿದಳು. ಕೀಬೋರ್ಡಿನವನು ಎಡಗೈಯಿಂದ ಗಡ್ಡ ತುರಿಸಿಕೊಂಡ.

ಆಂಪ್ಲಿಫೈಯರ್ ನನ್ನಲ್ಲಿತ್ತು. ಅದರ ಜೊತೆಗಿದ್ದ ಪೆಟ್ಟಿಗೆಯನ್ನು ಹಿಂದೊಮ್ಮೆ ಸೌಂಡಿನವನೊಬ್ಬ ಎರವಲು ಒಯ್ದು, ಅದರಲ್ಲಿ ಡಿಜೆ ಹಾಡು ಹಚ್ಚಿ, ಸ್ಪೀಕರಿನ ಕಾಗದ ಹರಿದು ತಂದು ಇಟ್ಟಿದ್ದ. “ನಿಮ್ಮ ಪೆಟಗಿ ಸೂಕ್ಷ್ಮ ಐತ್ರಿ,” ಎಂದು ನನಗೇ ಬೈದು ಹೋಗಿದ್ದ. ಹೀಗಾಗಿ ಬೇಕಾದದ್ದು ಪೆಟ್ಟಿಗೆ ಮಾತ್ರ. ಒಂದು ತಿಂಗಳ ಪಗಾರಕ್ಕಿಂತ ಹೆಚ್ಚಿನದು ತಂದರೆ ಪೆಟ್ಟಿಗೆಯ ಜೊತೆ ನೀವೂ ಹೊರಗಿರಬೇಕು ಎಂದು ಹೆಂಡತಿ ಮೊದಲೇ ಹೇಳಿದ್ದಳು.

ಮೊದಲು ಹೋದದ್ದು ಚಿಕ್ಕೋಡಿಗೆ. ಅಂಗಡಿಯ ಪೆಟ್ಟಿಗೆಗಳಿಗೆಲ್ಲ ಕೆಂಪು, ಹಸಿರು, ನೀಲಿ ದೀಪ. ಒಂದಕ್ಕೆ ಹುಲಿಯ ಚಿತ್ರ, ಒಂದಕ್ಕೆ ತಲೆಬುರುಡೆ. ಪ್ರತಿಯೊಂದರ ಮೇಲೂ ಸಾವಿರಗಟ್ಟಲೆ ವ್ಯಾಟ್ ಎಂದು ಬರೆದಿತ್ತು. ನನ್ನ ಎದುರಿಗೆ ಬರೆದಿದ್ದರು, ಕರೆಂಟಿನವನ ಎದುರಿಗೆ.

“ಇಷ್ಟ ವ್ಯಾಟ್ ಖರೇ ಇದ್ರ ನಿಮ್ಮ ಓಣಿಗೆ ಬ್ಯಾರೆ ಟ್ರಾನ್ಸ್‌ಫಾರ್ಮರ್ ಕೂಡಸಬೇಕಾಗ್ತೈತಿ,” ಅಂದೆ.

“ಬರೇ ಬರದಿರ್ತಾರ್ರಿ ಸರ,” ಅಂದ ಅಂಗಡಿಯವನು, ಒಂದಿಷ್ಟೂ ನಾಚಿಕೆಯಿಲ್ಲದೆ.

“ಗಿಟಾರ ಹಚ್ಚಿ ನೋಡ್ತೀನಿ.”

“ಗಿಟಾರ ಯಾಕ್ರಿ? ಗಾಣಾ ಹಚ್ತೀನಿ ನೋಡ್ರಿ, ಹೊಟ್ಯಾಗಿನ ಕರಳ ಅಳ್ಳಾಡ್ತಾವ.”

“ನನಗ ಕರಳ ಅಳ್ಳಾಡೂದು ಬ್ಯಾಡ. ಸ್ವರ ಕೇಳಬೇಕು.”

ಅವನು ನನ್ನನ್ನು ಕನಿಕರದಿಂದ ನೋಡಿದ. “ಸ್ವರ ಮ್ಯಾಲಿನ ಪೆಟಗ್ಯಾಗ ಬರ್ತಾವ್ರಿ. ಇದು ಬೇಸ್ ಪೆಟಗಿ. ಇದ್ರಾಗ ಸ್ವರ ಇರೂದಿಲ್ಲ.”

ನಮ್ಮ ಸೀಮೆಯ ಸಂಗೀತಶಾಸ್ತ್ರ ಪೂರ್ತಿ ಆ ಒಂದು ಮಾತಿನಲ್ಲಿದೆ. ನಾನು ಗಿಟಾರಿನ ಚೀಲ ಹೆಗಲಿಗೇರಿಸಿಕೊಂಡು ಹೊರಬಿದ್ದೆ. ಹಿಂದಿನಿಂದ ಅವನು, ದೀಪ ಇಲ್ಲದ್ದೂ ಐತ್ರಿ, ಸ್ವಲ್ಪ ಸೋವಿ ಬೀಳತೈತಿ ಎಂದು ಕೂಗುತ್ತಿದ್ದ.

ನಿಪ್ಪಾಣಿಯಲ್ಲಿ ಒಂದು ವಾದ್ಯದ ಅಂಗಡಿ ಇದೆ ಎಂದು ಕೇಳಿ ಅಲ್ಲಿಗೆ ಹೋದೆ. ಅಲ್ಲಿ ನಿಜವಾದದ್ದೇ ಇತ್ತು. ಹೊರದೇಶದಿಂದ ಬಂದದ್ದು, ಗಾಜಿನ ಹಿಂದೆ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಹತ್ತಿರ ಹೋಗಿ ಬಗ್ಗಿದೆನಷ್ಟೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಯಜಮಾನ, “ಘ್ಯಾಯಚಂ ಆಹೇ, ಕೀ ನುಸ್ತಂ ಬಘಾಯಚಂ?” ಎಂದ. ತೆಗೆದುಕೊಳ್ಳುವುದಿದೆಯೋ, ಬರೀ ನೋಡುವುದೋ ಎಂದು. ಬೆಲೆ ಕೇಳಿದೆ. ನಾಲ್ಕು ತಿಂಗಳು ನನ್ನ ಮನೆಯವರೆಲ್ಲ ಉಪವಾಸ ಬಿದ್ದರೆ ಒಂದು ಬರುತ್ತಿತ್ತು. “ನುಸ್ತಂ ಬಘಾಯಚಂ,” ಅಂದೆ, ಬರೀ ನೋಡುವುದೇ. ಅವನಿಗೆ ಪರಮ ಸಂತೋಷವಾದಂತೆ ಕಂಡಿತು. ಹೊದಿಕೆಯನ್ನು ಇನ್ನಷ್ಟು ಕೆಳಗೆ ಎಳೆದ. ಆ ಪೆಟ್ಟಿಗೆಯನ್ನು ಅವನು ಮಾರುವುದಕ್ಕೆ ಇಟ್ಟಿರಲಿಲ್ಲ, ಬಂದವರನ್ನು ಸಣ್ಣವರನ್ನಾಗಿ ಮಾಡುವುದಕ್ಕೆ ಇಟ್ಟಿದ್ದ.

ಆಮೇಲೆ ಅಥಣಿ. ಅಲ್ಲೊಬ್ಬ ದ್ರಾಕ್ಷಿ ತೋಟದವನು ಹವ್ಯಾಸಕ್ಕೆ ಡಿಜೆ ಮಾಡಿಕೊಂಡಿದ್ದ. ಪೊಲೀಸರ ಕಾಟ ಹೆಚ್ಚಾಗಿ ಈಗ ಎಲ್ಲ ಮಾರುತ್ತಿದ್ದ. ಮಣೂಕ ಒಣಗಿಸುವ ಶೆಡ್ಡಿನಲ್ಲಿ, ಒಣದ್ರಾಕ್ಷಿಯ ಬಲೆಗಳ ಕೆಳಗೆ, ಕಪಾಟಿನಷ್ಟು ಎತ್ತರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಥಪ್ಪಿ ಹಚ್ಚಿದ್ದ. ಮೊದಲು ಚಹಾ ಬಂತು. ನನಗೆ ಕುಡಿಯಲು ಅಂದುಕೊಂಡೆ. ಅದನ್ನು ಒಯ್ದು ಪೆಟ್ಟಿಗೆಯ ಮೇಲಿಟ್ಟ. ಹಾಡು ಹಚ್ಚಿದ. ಚಹಾ ಕಪ್ಪಿನಿಂದ ಹಾರಿ ನನ್ನ ಅಂಗಿಯ ಮೇಲೆ ಬಿತ್ತು.

“ನೋಡಿದ್ರಿ?” ಅಂದ.

ನೋಡಿದೆ. ಗಿಟಾರ್ ಹಚ್ಚಿ ದಪ್ಪ ತಂತಿ ಮೀಟಿದೆ: ಗುಂ. ಸಣ್ಣ ತಂತಿ ಮೀಟಿದೆ: ಗುಂ. ಮೇಲೆ ಹೋದೆ, ಕೆಳಗೆ ಬಂದೆ, ಎಲ್ಲಿ ಮುಟ್ಟಿದರೂ ಆ ಪೆಟ್ಟಿಗೆಗೆ ಗೊತ್ತಿದ್ದದ್ದು ಅದೊಂದೇ ಮಾತು.

“ಎಲ್ಲಾ ತಂತಿಗೂ ಒಂದ ಸಪ್ಪಳ ಬರ್ತೈತಲ್ರಿ,” ಅಂದೆ.

“ಅದ ಇದರ ಹೆಚ್ಚುಗಾರಿಕಿ,” ಅಂದ ಅವನು, ಎದೆ ಉಬ್ಬಿಸಿ. “ನೀವು ಏನರ ಬಾರಸ್ರಿ, ತಪ್ಪ ಕೇಳಸೂದಿಲ್ಲ.”

ಅವನ ಮಾತು ನಿಜವೆಂಬುದೇ ನನ್ನ ಸಿಟ್ಟು. ಕೀಬೋರ್ಡಿನವನ ಎಡಗೈ ಇಷ್ಟು ದಿನ ಬದುಕಿದ್ದು ಇಂಥ ಪೆಟ್ಟಿಗೆಗಳ ನೆರಳಿನಲ್ಲೇ. ಸ್ವರ ಬಿಡಿಬಿಡಿಯಾಗಿ ಕೇಳಿದ್ದರೆ ಆ ಒಂಟಿ ಬೆರಳಿನ ಬಂಡವಾಳ ಮೊದಲ ದಿನವೇ ಬಯಲಾಗುತ್ತಿತ್ತು. ಚಹಾದ ಕಲೆ ಹೊತ್ತುಕೊಂಡು ಮನೆಗೆ ಬಂದೆ. ಪೌರ್ಣಿಮೆ ಹತ್ತಿರವಾಗುತ್ತಿತ್ತು, ತಾಳಗಳು ಕಣ್ಣೆದುರು ಬರತೊಡಗಿದ್ದವು.

ಪೆಟ್ಟಿಗೆ ಸಿಕ್ಕಿದ್ದು ನಾನು ಹುಡುಕದೆ ಇದ್ದಾಗ. ಇಲಾಖೆಯ ಕೆಲಸಕ್ಕೆ ಕುಡಚಿಗೆ ಹೋಗಿದ್ದೆ. ಸ್ಟೇಷನ್ ರಸ್ತೆಯಲ್ಲಿ ಗಾಡಿ ಪಂಕ್ಚರ್ ಆಯಿತು. ಪಂಕ್ಚರ್ ತೆಗೆಯುವ ಚಾಚಾ, “ಕೂಡ್ರಿ ಸಾಹೇಬ್ರ,” ಎಂದು ಗಿರಾಕಿಗಳು ಕೂಡುವ ಒಂದು ಕರಿ ಪೆಟ್ಟಿಗೆ ತೋರಿಸಿದ. ಕೂತೆ. ಕೂತಲ್ಲಿಂದ ಕೈ ಕೆಳಗೆ ಹೋಯಿತು, ಮೂಲೆಗೆ ಕಬ್ಬಿಣದ ಕಟ್ಟು ತಗುಲಿತು. ಎದ್ದು ಬಗ್ಗಿ ನೋಡಿದರೆ ಮುಂದೆ ಉಕ್ಕಿನ ಜಾಲರಿ, ಹಿಂದೆ ವೈರು ಚುಚ್ಚುವ ತೂತು. ಗ್ರೀಸು, ಧೂಳು, ಎಲೆಯಡಿಕೆಯ ಕಲೆ ಎಲ್ಲ ಮೆತ್ತಿಕೊಂಡು, ಬೇಸ್ ಗಿಟಾರಿಗೆಂದೇ ಮಾಡಿದ ಹನ್ನೆರಡು ಇಂಚಿನ ಪೆಟ್ಟಿಗೆ ನನ್ನ ಭಾರ ಹೊತ್ತಿತ್ತು.

“ಅಳಿಯಾ ಮಿರಜದಿಂದ ತಂದಿದ್ದಾ,” ಅಂದ ಚಾಚಾ, ಟ್ಯೂಬಿಗೆ ಉಜ್ಜುಕಾಗದ ತಿಕ್ಕುತ್ತ. “ಶಾದಿ ಮನ್ಯಾಗ ಗಾಣಾ ಹಚ್ಚಿ ಚಹಾ ಇಟ್ಟ ನೋಡಿದ್ವಿ. ಒಂದ ಹನಿ ಬೀಳಲಿಲ್ಲ. ಇದ್ರಾಗ ಬೇಸ್ ಇಲ್ರಿ ಸಾಹೇಬ್ರ. ಕೂಡಾಕ ಮಾತ್ರ ಭಾಳ ಛಲೋ ಐತಿ.”

ಬೇಸಿಗೆಂದೇ ಹುಟ್ಟಿದ ಪೆಟ್ಟಿಗೆಗೆ ಬೇಸ್ ಇಲ್ಲ ಎಂದು ಹೆಸರಿಟ್ಟು, ಅದರ ಮೇಲೆ ಇಡೀ ಕುಡಚಿಯ ಅಂಡು ಕೂರಿಸಿದ್ದರು. ನಾನು ಭಾನುವಾರ ಗಿಟಾರು, ಆಂಪ್ಲಿಫೈಯರು ಕಟ್ಟಿಕೊಂಡು ಬಂದೆ. ಚಾಚಾ ತನ್ನ ಮಾತು ಸಾಧಿಸಲು ಚಹಾ ತರಿಸಿ ಮೇಲಿಟ್ಟ. ನಾನು ದಪ್ಪ ತಂತಿಯಿಂದ ಶುರುಮಾಡಿ ಒಂದೊಂದೇ ಸ್ವರ ಏರಿದೆ, ಇಳಿದೆ. ಒಂದು ಸ್ವರ ಇನ್ನೊಂದರ ಮೇಲೆ ಬೀಳಲಿಲ್ಲ. ಅಕ್ಕನ ಹಾಡಿನಲ್ಲಿ ಎರಡನೆಯ ನುಡಿಗೆ ಮುಂಚೆ ನಾನು ನಾಲ್ಕು ಸ್ವರ ಇಳಿಯುವಾಗ, ಮೂರನೆಯದರ ಮೇಲೆ ಒಂದು ಕ್ಷಣ ನಿಂತು, ಆಮೇಲೆ ನಾಲ್ಕನೆಯದಕ್ಕೆ ಕಾಲಿಡುತ್ತೇನೆ. ಆ ನಿಲ್ಲುವುದನ್ನು ನಾನೇ ಹೊರಗಿನಿಂದ ಕೇಳಿದ್ದು ಅಂದೇ ಮೊದಲು. ಅದನ್ನೇ ಇನ್ನೊಮ್ಮೆ ಬಾರಿಸಿದೆ.

ಚಹಾ ಮಾತ್ರ ಒಂದು ಹನಿ ಬೀಳಲಿಲ್ಲ.

“ನೋಡಿದ್ರಿ?” ಅಂದ ಚಾಚಾ.

“ಹೌದ್ರಿ ಚಾಚಾ, ಬೇಸ್ ಇಲ್ಲ ಬಿಡ್ರಿ,” ಅಂದೆ. ಮೂರ್ಖರ ಜೊತೆ ವಾದ ಮಾಡಿ ಬೆಲೆ ಏರಿಸಿಕೊಳ್ಳುವಷ್ಟು ಮೂರ್ಖ ನಾನಲ್ಲ. ಅವನು ಕೇಳಿದ್ದು ನನ್ನ ಪಗಾರದ ಮುಂದೆ ಏನೂ ಅಲ್ಲ. ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಕೊಡಿಸಬೇಕು, ಇಲ್ಲದಿದ್ದರೆ ಗಿರಾಕಿ ನಿಂತೇ ಇರಬೇಕಾಗುತ್ತದೆ ಎಂದ. ಕೊಡಿಸಿದೆ.

ತೊಳೆದು ಒರೆಸಿ ಮನೆಯ ಪಡಸಾಲೆಯಲ್ಲಿಟ್ಟರೆ ಹೆಂಡತಿ ಸುತ್ತು ಹಾಕಿ ನೋಡಿದಳು. “ಇದೇನ್ರೀ, ಕೋಳಿ ಗೂಡ?” ಅಂದಳು. ಮರುದಿನ ಅದರ ಮೇಲೆ ಒಗೆದ ಬಟ್ಟೆ ಮಡಚಿಟ್ಟಿದ್ದಳು.

ಪೌರ್ಣಿಮೆಯ ಕಾರ್ಯಕ್ರಮ ಶೇಡಬಾಳದ ಆಚೆ ಒಂದು ಊರಲ್ಲಿ. ವಿಹಾರದ ಮುಂದಿನ ಬಯಲಿನಲ್ಲಿ ಕಬ್ಬಿನ ಎರಡು ಟ್ರಾಲಿ ಜೋಡಿಸಿ, ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ವೇದಿಕೆಯ ಎರಡೂ ಬದಿಗೆ ಊರಿನ ಸೌಂಡಿನವನ ಥಪ್ಪಿ, ಆಳೆತ್ತರದ ಕರಿ ಪೆಟ್ಟಿಗೆಗಳ ಗೋಡೆ. ಕರೆಯುವವರು ಪೆಟ್ಟಿಗೆ ಎಣಿಸಿಯೇ ಕರೆಯುತ್ತಾರೆ, ಹೀಗಾಗಿ ಎಣಿಕೆಗೆ ಕಡಿಮೆ ಬೀಳಬಾರದು.

ಸಂಜೆ ನಾನು ಗಾಡಿಯಿಂದ ನನ್ನದನ್ನು ಇಳಿಸಿದ ಕೂಡಲೇ ಕೀಬೋರ್ಡಿನವನು ನಕ್ಕ. “ಅಣ್ಣಾವ್ರ, ಇದ್ರ ಉಳದ ಅಣ್ಣತಮ್ಮಂದಿರ ಎಲ್ಲಿ?” ಸೌಂಡಿನವನು ನಗಲಿಲ್ಲ, ಗಾಬರಿಯಾದ. “ಇದನ್ನ ಮುಂದ ಇಡಬ್ಯಾಡ್ರಿ. ನನ್ನ ಥಪ್ಪಿ ಮರ್ಯಾದಿ ಹೋಗ್ತೈತಿ.”

“ಮತ್ತೆಲ್ಲಿ ಇಡ್ಲಿ, ನಿನ್ನ ತಲಿ ಮ್ಯಾಲ?”

ಅವನು ಅತ್ತಿತ್ತ ನೋಡಿ, ನನ್ನನ್ನು ಬಲಗಡೆಯ ಥಪ್ಪಿಯ ಹಿಂದಕ್ಕೆ ಕರೆದೊಯ್ದ. ಕೆಳಗಿನ ಅತಿ ದೊಡ್ಡ ಪೆಟ್ಟಿಗೆಗೆ ಹಿಂದಿನ ಹಲಗೆಯೇ ಇರಲಿಲ್ಲ. ಒಳಗೆ ಸ್ಪೀಕರೂ ಇರಲಿಲ್ಲ. ಒಂದು ಹಳೆಯ ಗೋಣಿಚೀಲ, ಅರ್ಧ ಬೀಡಿ ಕಟ್ಟು ಇದ್ದವು. ಮುಂದೆ ಮಾತ್ರ ಜಾಲರಿ, ಮೇಲೆ ಹುಲಿಯ ಚಿತ್ರ.

“ಡಮ್ಮಿ,” ಅಂದ ಮೆತ್ತಗೆ. “ಎಲ್ಲಾರೂ ಇಡ್ತಾರ್ರಿ. ಇದರ ಒಳಗ ನಿಮ್ಮದನ್ನ ಇಟ್ಟಬಿಡ್ರಿ.”

ಮೂಗಿಗಿಂತ ಮೂಗುತಿ ಭಾರ ಎಂದು ಕೇಳಿದ್ದೆ, ಮೂಗೇ ಇಲ್ಲದವರ ಮೂಗುತಿ ಅಂದು ನೋಡಿದೆ. ಬೈಯಬೇಕೆಂದೆ. ಆದರೆ ಜನ ಕೂಡುತ್ತಿದ್ದರು, ಅಕ್ಕ ಸೆರಗು ಸರಿಮಾಡಿಕೊಂಡು ಮೈಕಿನ ಹತ್ತಿರ ಬಂದಿದ್ದಳು. ಹೆಂಡತಿಯೂ ಅಂದು ಬಂದಿದ್ದಳು, ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳು. ಗೋಣಿಚೀಲ ಸರಿಸಿ, ನನ್ನ ಪೆಟ್ಟಿಗೆಯನ್ನು ಆ ಹುಲಿಯ ಹೊಟ್ಟೆಯೊಳಗೆ ಇಟ್ಟು, ಬಾಯಿ ಮುಚ್ಚಿಕೊಂಡು ವೇದಿಕೆ ಹತ್ತಿದೆ.

ವಂದನೆ ಮುಗಿದು ಮೊದಲ ಹಾಡು ಶುರುವಾಯಿತು. ಎರಡು ಸಾಲು ಆಗುವಷ್ಟರಲ್ಲಿ ಅಕ್ಕ ತಿರುಗಿ ನೋಡಿದಳು. ಹಾಡಿನ ಕೆಳಗೆ ಏನೋ ಜಗಳ ನಡೆದಿತ್ತು. ನಾನು ಒಂದು ಸ್ವರದಿಂದ ಇನ್ನೊಂದಕ್ಕೆ ಹೋದರೆ, ಕೀಬೋರ್ಡಿನವನ ಬೆರಳು ಹಳೆಯ ಜಾಗದಲ್ಲೇ ಕೂತು ಗುಂಯ್‌ಗುಡುತ್ತಿತ್ತು. ಇಷ್ಟು ದಿನವೂ ಹಾಗೇ ಇತ್ತು. ಇಂದು ನನ್ನದು ಕೇಳಿಸುತ್ತಿತ್ತು, ಅಷ್ಟೇ. ಅಕ್ಕ ಮೊದಲು ನನ್ನ ಕೈ ನೋಡಿದಳು, ಆಮೇಲೆ ಅವನ ಕೈ ನೋಡಿದಳು. ಇಬ್ಬರಲ್ಲಿ ಒಬ್ಬ ತಪ್ಪು, ಆ ಒಬ್ಬ ನಾನೇ ಎಂದು ಅವಳಿಗೆ ತೋರಿದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ನುಡಿ ಮುಗಿದು ಢೋಲಕಿಯೊಂದೇ ಬಾರಿಸುವ ಜಾಗ ಬಂತು. ಅಕ್ಕ ಮೈಕಿಗೆ ಕೈ ಅಡ್ಡ ಹಿಡಿದು, ಕೀಬೋರ್ಡಿನವನ ಕಡೆ ಬಗ್ಗಿದಳು.

“ಎಡಗೈ ತಗಿ,” ಅಂದಳು.

ಅವನಿಗೆ ಅರ್ಥವಾಗಲಿಲ್ಲ. “ಏನಕ್ಕಾ?”

“ಎಡಗೈ ತಗಿ ಅಂದೆ.”

ತೆಗೆದ. ತೆಗೆದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಮೊದಲು ಸೊಂಟದ ಮೇಲೆ, ಆಮೇಲೆ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡ. ಉಳಿದ ಕಾರ್ಯಕ್ರಮ ಪೂರ್ತಿ ಆ ಕೈ ಜೇಬಿನಲ್ಲೇ ಇತ್ತು. ಸುಳ್ಳು ಹೇಳುವುದಿಲ್ಲ, ನನ್ನ ಹೊಟ್ಟೆ ತಣ್ಣಗಾಯಿತು. ಎರಡನೆಯ ನುಡಿಗೆ ಮುಂಚೆ ನಾಲ್ಕು ಸ್ವರ ಇಳಿಯುತ್ತ ಮೂರನೆಯದರ ಮೇಲೆ ನಿಂತೆ. ಅಕ್ಕ ಆ ನಿಲುವಿಗಾಗಿ ಕಾದು, ಅದರ ಮೇಲೆ ಕಾಲಿಟ್ಟಂತೆ ಹಾಡು ಎತ್ತಿದಳು.

ಕಾರ್ಯಕ್ರಮ ಮುಗಿಯಿತು. ನನ್ನ ಹತ್ತಿರ ಜನ ಬರುತ್ತಾರೆ ಅಂದುಕೊಂಡೆ. ಬಂದರು, ನನ್ನನ್ನು ದಾಟಿ ಹೋದರು. ಎಲ್ಲರೂ ಹುಲಿಯ ಪೆಟ್ಟಿಗೆಯ ಮುಂದೆ ನಿಂತಿದ್ದರು. ಒಬ್ಬ ಅದರ ಪಕ್ಕೆ ತಟ್ಟಿದ, ಇಬ್ಬರು ಅದರ ಜೊತೆ ಫೋಟೋ ತೆಗೆಸಿಕೊಂಡರು. “ಇಂಥಾ ಬೇಸ್ ಇಷ್ಟ ವರ್ಷದಾಗ ಕೇಳಿಲ್ಲ ನೋಡ,” ಎಂದ ಒಬ್ಬ ಹಿರಿಯ. ಪಕ್ಕದ ಊರಿನ ಪಂಚರೊಬ್ಬರು ಸೌಂಡಿನವನಿಗೆ, ನಮ್ಮ ಕಾರ್ಯಕ್ರಮಕ್ಕೆ ಇದೇ ಪೆಟ್ಟಿಗೆ ಬೇಕು, ಬೇರೆ ತಂದರೆ ಮರಳಿ ಕಳಿಸುತ್ತೇವೆ ಎಂದರು. ಅವನು ಕಣ್ಣು ಮಿಟುಕಿಸದೆ, “ಆಗ್ಲಿರಿ, ಇದನ್ನ ತರ್ತೀನಿ,” ಎಂದ. ಹಿಂದಿನಿಂದ ಹೋಗಿ ನನ್ನದನ್ನು ಹೊರಗೆಳೆದುಕೊಂಡೆ. ಯಾರೂ ತಿರುಗಿ ನೋಡಲಿಲ್ಲ. ಎಲ್ಲರಿಗೂ ನಮಸ್ಕಾರ ಎಂದು ಮನಸ್ಸಿನಲ್ಲೇ ಅಂದು ಗಾಡಿ ಹತ್ತಿದೆ.

ಮರುದಿನ ಬೆಳಿಗ್ಗೆ ಊಟಕ್ಕೆ ಕೂತೆ. ಹೆಂಡತಿ ಒಲೆಯ ಮುಂದೆ ಭಕ್ರಿ ಬಡಿಯುತ್ತಿದ್ದಳು.

“ಆ ದೊಡ್ಡ ಹುಲಿ ಪೆಟಗಿ ಏನ ಛಲೋ ಇತ್ತರೀ,” ಅಂದಳು. “ಅಂಥಾದ್ದ ತರೂದ ಬಿಟ್ಟ ಈ ಗೂಡ ತಂದೀರಿ. ನಿಮಗ ಆರಸಾಕ ಬರೂದಿಲ್ಲ.”

ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. ಊರವರು ಹಾಳಾಗಲಿ, ಇವಳೂ. ಆ ಪೆಟ್ಟಿಗೆಯೊಳಗೆ ಗೋಣಿಚೀಲ ಇತ್ತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹಿಟ್ಟಿನ ಮತ್ತೊಂದು ಉಂಡೆ ಎತ್ತಿಕೊಂಡು, ಬಡಿತದ ಜೊತೆಗೆ ಬಾಯಿ ಮುಚ್ಚಿಯೇ ಗುನುಗತೊಡಗಿದಳು. ಅಕ್ಕನ ಹಾಡು ಅಂದುಕೊಂಡೆ. ಅಲ್ಲ. ಅದರಲ್ಲಿ ಹಾಡಿನ ಒಂದು ಸಾಲೂ ಇರಲಿಲ್ಲ. ದುಂ, ದುಂ ಎಂದು ಎರಡು ಸ್ವರ ಇಳಿದಳು, ಮೂರನೆಯದರ ಮೇಲೆ ಕೈ ಎತ್ತಿ ಹಿಡಿದು ನಿಂತಳು, ಆಮೇಲೆ ನಾಲ್ಕನೆಯದಕ್ಕೆ ಅಂಗೈ ಹಿಟ್ಟಿನ ಮೇಲೆ ಬಿತ್ತು.

ಅವಳಿಗೆ ಅದು ಎಲ್ಲಿಯದೆಂದು ಗೊತ್ತಿರಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದಳು.

ನನ್ನ ತೆರೆದ ಬಾಯಿ ನೋಡಿ, “ಏನರ ಹೇಳಾವ್ರಿದ್ರಿ?” ಅಂದಳು.

“ಏನಿಲ್ಲ,” ಅಂದೆ. “ಇನ್ನೊಂದ ಭಕ್ರಿ ಬಡಿ.”